ದೇಹಗಾಯದ ಪರಿಹಾರ

ದೇಹಗಾಯದ ಪರಿಹಾರ ಎಂದರೆ ಮತ್ತೊಬ್ಬರ ಅಜಾಗರೂಕತೆಯಿಂದ ಗಾಯಗೊಂಡ ವ್ಯಕ್ತಿಯ ನಷ್ಟವನ್ನು ಹಣದ ರೂಪದಲ್ಲಿ ತುಂಬಿಕೊಡುವ ಕಾನೂನು ವ್ಯವಸ್ಥೆ. ಕರ್ನಾಟಕದಲ್ಲಿ ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ರಸ್ತೆ ಅಪಘಾತಕ್ಕೆ ಸಂಬಂಧಿಸಿದವು. ಅವು 1988ರ ಮೋಟಾರು ವಾಹನ ಕಾಯ್ದೆಯಡಿ ಇತ್ಯರ್ಥವಾಗುತ್ತವೆ. ಈ ಲೇಖನವೂ ಮುಖ್ಯವಾಗಿ ಅದೇ ಕಾಯ್ದೆಯನ್ನು ಕುರಿತದ್ದು. ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸನ್ನಿವೇಶವನ್ನು ಉದಾಹರಣೆಗೆ ಬಳಸಿಕೊಳ್ಳಲಾಗಿದೆ.

ಪದಗಳ ಬಳಕೆ

ಒಂದೇ ಅಪಘಾತಕ್ಕೆ ಸಂಬಂಧಿಸಿದ ಮೂರು ಬೇರೆ ಬೇರೆ ಹಣಗಳನ್ನು ಜನ ‘ಪರಿಹಾರ’ ಎಂದೇ ಕರೆಯುವುದುಂಟು. ಸರ್ಕಾರ ಘೋಷಿಸುವ ಪರಿಹಾರ ಧನ ಹಕ್ಕಿನಿಂದ ಬರುವುದಲ್ಲ, ಸಹಾಯವಾಗಿ ಬರುವುದು. ಕ್ರಿಮಿನಲ್ ನ್ಯಾಯಾಲಯ ಚಾಲಕನಿಗೆ ಹಾಕುವ ದಂಡ ಸರ್ಕಾರಕ್ಕೆ ಸೇರುತ್ತದೆ. ಗಾಯಾಳು ತನ್ನ ಹಕ್ಕೆಂದು ಕೇಳಬಹುದಾದ, ನಷ್ಟಕ್ಕೆ ತಕ್ಕಂತೆ ಲೆಕ್ಕಹಾಕಿ ಕೊಡುವ ಮೊತ್ತವೇ ಇಲ್ಲಿ ಹೇಳುವ ಪರಿಹಾರ. 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗೂ ಕ್ರೂಸರ್ ವಾಹನಕ್ಕೂ ಡಿಕ್ಕಿಯಾಗಿ, ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ರಾಯಚೂರು ಜಿಲ್ಲೆಯ 9 ಮಂದಿ ಸತ್ತರು. ಆಗ ಪ್ರಧಾನಮಂತ್ರಿ ಪರಿಹಾರ ನಿಧಿಯಿಂದ ಮೃತರ ಕುಟುಂಬಕ್ಕೆ 2 ಲಕ್ಷ, ಗಾಯಾಳುಗಳಿಗೆ 50,000 ರೂಪಾಯಿ ಘೋಷಣೆಯಾಯಿತು. ಅದು ಮೊದಲ ಬಗೆಯ ಹಣ. ಅದನ್ನು ಪಡೆದವರು ವಿಮಾ ಕಂಪನಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುವುದಿಲ್ಲ.

ಹಿನ್ನೆಲೆ

1855ರ ಮಾರಣಾಂತಿಕ ಅಪಘಾತ ಕಾಯ್ದೆ ಮೃತರ ಕುಟುಂಬಕ್ಕೆ ದಾವೆ ಹೂಡುವ ಹಕ್ಕು ಕೊಟ್ಟಿತು. ದುಡಿಮೆಯ ಸ್ಥಳದಲ್ಲಿ ಆಗುವ ಗಾಯಕ್ಕೆ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ವಾಹನ ಅಪಘಾತಗಳಿಗೆ 1939ರ ಮೋಟಾರು ವಾಹನ ಕಾಯ್ದೆ ಮೂರನೆಯವರ ವಿಮೆಯನ್ನು ಕಡ್ಡಾಯಗೊಳಿಸಿತಾದರೂ ಗಾಯಾಳು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಿತ್ತು. ಅಲ್ಲಿ ಕೇಳಿದ ಮೊತ್ತಕ್ಕೆ ತಕ್ಕ ಶುಲ್ಕ ಕಟ್ಟಬೇಕಿದ್ದುದರಿಂದ ಬಡವರಿಗೆ ಬಾಗಿಲು ಮುಚ್ಚಿದಂತೆಯೇ ಇತ್ತು. 1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಹುಟ್ಟಿಕೊಂಡವು. 1988ರ ಹೊಸ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. 1994ರ ತಿದ್ದುಪಡಿ ಅರ್ಜಿಗಿದ್ದ ಕಾಲಮಿತಿಯನ್ನು ತೆಗೆದುಹಾಕಿತು, 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮತ್ತೆ ತಂದಿತು. ಪರಿಹಾರಕ್ಕೆ ಸಂಬಂಧಿಸಿದ ಆ ತಿದ್ದುಪಡಿಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ನ್ಯಾಯಮಂಡಳಿ ಮತ್ತು ಅರ್ಜಿಯ ಸ್ಥಳ

ಕರ್ನಾಟಕದಲ್ಲಿ ಈ ನ್ಯಾಯಮಂಡಳಿಗೆ ಪ್ರತ್ಯೇಕ ಕಟ್ಟಡವಾಗಲಿ ನ್ಯಾಯಾಧೀಶರಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಜಿಲ್ಲಾ ನ್ಯಾಯಾಧೀಶರೂ ಹಿರಿಯ ಸಿವಿಲ್ ನ್ಯಾಯಾಧೀಶರೂ ತಮ್ಮ ಇತರ ಕೆಲಸದ ಜೊತೆಗೆ ಇದನ್ನು ನಡೆಸುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸ ಲಘು ವ್ಯವಹಾರಗಳ ನ್ಯಾಯಾಲಯದ್ದು. ಇಲ್ಲಿ ದಾಖಲಾಗುವ ಪ್ರಕರಣಕ್ಕೆ ಎಂ.ವಿ.ಸಿ. ಎಂಬ ಸಂಖ್ಯೆಯೂ ಹೈಕೋರ್ಟಿನ ಮೇಲ್ಮನವಿಗೆ ಎಂ.ಎಫ್.ಎ. ಎಂಬ ಸಂಖ್ಯೆಯೂ ಬೀಳುತ್ತದೆ. ಗಾಯಾಳುವನ್ನು ಅರ್ಜಿದಾರ ಎಂದೂ, ವಾಹನದ ಮಾಲೀಕ ಮತ್ತು ವಿಮಾ ಕಂಪನಿಯನ್ನು ಎದುರುದಾರರು ಎಂದೂ ಕರೆಯುತ್ತಾರೆ.

ಕಾಯ್ದೆಯ 166ನೇ ಕಲಮು ಗಾಯಾಳುವಿಗೆ ಸ್ಥಳದ ಆಯ್ಕೆ ಕೊಡುತ್ತದೆ. ಅಪಘಾತ ನಡೆದ ಊರು, ಅರ್ಜಿದಾರ ವಾಸಿಸುವ ಊರು, ಎದುರುದಾರ ಇರುವ ಊರು, ಈ ಮೂರರಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಮಂಡಳಿಗಾದರೂ ಅರ್ಜಿ ಹಾಕಬಹುದು. ಗಡಿ ತಾಲ್ಲೂಕುಗಳಿಗೆ ಇದು ದೊಡ್ಡ ಅನುಕೂಲ. ಪಾವಗಡದವರು ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಮಡಕಶಿರಾ, ಹಿಂದೂಪುರ, ಪೆನುಕೊಂಡದ ಕಡೆಗೆ ಓಡಾಡುತ್ತಲೇ ಇರುತ್ತಾರೆ. ಆಂಧ್ರದ ರಸ್ತೆಯಲ್ಲಿ ಗಾಯವಾದರೂ ಅರ್ಜಿಯನ್ನು ತಮ್ಮ ವಾಸಸ್ಥಳದ ನ್ಯಾಯಮಂಡಳಿಯಲ್ಲೇ ಸಲ್ಲಿಸಬಹುದು. ಶಿರಾದ ಹೆದ್ದಾರಿಯಲ್ಲಿ ಗಾಯಗೊಂಡ ರಾಯಚೂರಿನವರಿಗೂ ಅದೇ ನಿಯಮ.

ದಾಖಲೆಗಳು

ಪ್ರಕರಣದ ಬಲ ಅಪಘಾತವಾದ ಮೊದಲ ಕೆಲವು ದಿನಗಳಲ್ಲೇ ನಿರ್ಧಾರವಾಗುತ್ತದೆ. ಮೂಲ ದಾಖಲೆಗಳನ್ನು ಪೊಲೀಸರು ಸಿದ್ಧಪಡಿಸುತ್ತಾರೆ: ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು ಮತ್ತು ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ದೋಷಾರೋಪ ಪಟ್ಟಿ. ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಬಿಲ್ಲುಗಳು ಬೇಕು.

ಇವುಗಳಲ್ಲಿ ಗಾಯದ ಪ್ರಮಾಣಪತ್ರ ಒಂದೇ ಹಾಳೆಯದಾದರೂ ವಿಚಾರಣೆಯಲ್ಲಿ ಅದರ ಒಂದೊಂದು ಸಾಲೂ ಪ್ರಶ್ನೆಗೆ ಒಳಗಾಗುತ್ತದೆ. ಗಾಯಾಳುವನ್ನು ಎಷ್ಟು ಹೊತ್ತಿಗೆ ಕರೆತಂದರು, ಯಾರು ಕರೆತಂದರು, ಹೇಗೆ ಗಾಯವಾಯಿತೆಂದು ಹೇಳಿದರು, ಗಾಯ ಸಾಮಾನ್ಯವೋ ತೀವ್ರವೋ ಎಂಬುದೆಲ್ಲ ಅದರಲ್ಲಿರುತ್ತದೆ. ಗಾಬರಿಯಲ್ಲಿದ್ದ ಸಂಬಂಧಿಕರೊಬ್ಬರು ‘ಬೈಕಿನಿಂದ ಬಿದ್ದ’ ಎಂದಷ್ಟೇ ಬರೆಸಿ, ಕೆಲವು ದಿನ ಕಳೆದ ಮೇಲೆ ‘ಟೆಂಪೊ ಗುದ್ದಿತು’ ಎಂದು ದೂರು ಕೊಟ್ಟರೆ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಹಿಡಿಯುವುದು ಅದನ್ನೇ. ದೂರು ಕೊಡುವುದು ತಡವಾಯಿತು ಎಂಬುದೊಂದೇ ಕಾರಣಕ್ಕೆ ಅರ್ಜಿಯನ್ನು ಅನುಮಾನಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಮನೆಯವರು ಮೊದಲು ಗಾಯಾಳುವನ್ನು ಉಳಿಸಿಕೊಳ್ಳಲು ಓಡುತ್ತಾರೆಯೇ ಹೊರತು ಠಾಣೆಗಲ್ಲ ಎಂಬ ವಾಸ್ತವವನ್ನು ಆ ತೀರ್ಪು ಒಪ್ಪಿಕೊಂಡಿದೆ.

ಪರಿಹಾರದ ಬಾಬತ್ತುಗಳು

ಗಾಯದ ಪ್ರಕರಣದಲ್ಲಿ ಯಾವ ಯಾವ ಬಾಬತ್ತಿಗೆ ಹಣ ಕೊಡಬೇಕು ಎಂಬುದನ್ನು ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ತೀರ್ಪು ಖಚಿತಪಡಿಸಿತು. ಲೆಕ್ಕಕ್ಕೆ ಸಿಗುವ ನಷ್ಟಗಳು ಒಂದು ಗುಂಪು. ಆಸ್ಪತ್ರೆ, ಔಷಧ, ಓಡಾಟ, ಪೌಷ್ಟಿಕ ಆಹಾರದ ಖರ್ಚು, ಹಾಸಿಗೆ ಹಿಡಿದಿದ್ದ ಅವಧಿಯ ದುಡಿಮೆಯ ನಷ್ಟ, ಶಾಶ್ವತ ಅಂಗವೈಕಲ್ಯದಿಂದ ಮುಂದೆ ಆಗುವ ದುಡಿಮೆಯ ನಷ್ಟ, ಮುಂದಿನ ಚಿಕಿತ್ಸೆಯ ವೆಚ್ಚ ಇದರಲ್ಲಿ ಸೇರುತ್ತವೆ. ಹಣದಲ್ಲಿ ಅಳೆಯಲಾಗದವು ಇನ್ನೊಂದು ಗುಂಪು: ನೋವು ಮತ್ತು ಯಾತನೆ, ಬದುಕಿನ ಸುಖಸೌಕರ್ಯಗಳ ನಷ್ಟ (ಮದುವೆಯ ಅವಕಾಶ ಕಡಿಮೆಯಾಗುವುದೂ ಇದರಲ್ಲಿ ಬರುತ್ತದೆ), ಆಯುಷ್ಯದ ನಿರೀಕ್ಷೆಯ ನಷ್ಟ. ಸಾಮಾನ್ಯ ಗಾಯಕ್ಕೆ ಚಿಕಿತ್ಸೆಯ ಖರ್ಚು, ಆ ಅವಧಿಯ ದುಡಿಮೆ, ನೋವು ಇಷ್ಟೇ. ಭವಿಷ್ಯದ ದುಡಿಮೆಯ ನಷ್ಟ, ಸೌಕರ್ಯಗಳ ನಷ್ಟದಂಥ ಉಳಿದ ಬಾಬತ್ತುಗಳು ತೀವ್ರ ಗಾಯಕ್ಕೆ ಮಾತ್ರ.

ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಅಧಿಕಾರವೂ ನ್ಯಾಯಮಂಡಳಿಗಿದೆ. ಕಾಯ್ದೆ ಹೇಳುವುದು ‘ನ್ಯಾಯಯುತ ಪರಿಹಾರ’ ಎಂದು. ಅರ್ಜಿ ಬರೆದವರು ಕಡಿಮೆ ಕೇಳಿದರೆಂದು ಅದನ್ನು ತಗ್ಗಿಸುವಂತಿಲ್ಲ ಎಂದು ನಾಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ದುಡಿಮೆಯ ನಷ್ಟದ ಲೆಕ್ಕ

ದೊಡ್ಡ ಮೊತ್ತ ಬರುವುದು ಭವಿಷ್ಯದ ದುಡಿಮೆಯ ನಷ್ಟದಿಂದ. ಸೂತ್ರ ಸರಳ: ವಾರ್ಷಿಕ ಆದಾಯವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ದುಡಿಯುವ ಶಕ್ತಿ ಎಷ್ಟು ಶೇಕಡಾ ಕುಂದಿದೆಯೋ ಅಷ್ಟು ಭಾಗ ತೆಗೆದುಕೊಳ್ಳುವುದು. ಗುಣಕಗಳನ್ನು 2009ರ ಸರಳಾ ವರ್ಮಾ ತೀರ್ಪು ನಿಗದಿ ಮಾಡಿದೆ. 15ರಿಂದ 25 ವರ್ಷದವರಿಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9, 61ರಿಂದ 65ಕ್ಕೆ 7, ಅದಕ್ಕೂ ಮೇಲ್ಪಟ್ಟವರಿಗೆ 5.

ಸೂತ್ರ ಸರಳವಾದರೂ ಆದಾಯ ಎಷ್ಟೆಂದು ಸಾಬೀತುಪಡಿಸುವುದು ಕಷ್ಟ. ಸಂಬಳದ ಚೀಟಿ ಇರುವವರಿಗೆ ತೊಂದರೆಯಿಲ್ಲ. ಕಡಲೆಕಾಯಿ ಕೀಳುವ, ಹುಣಸೆಹಣ್ಣು ಬಡಿಯುವ, ಗಾರೆ ಕೆಲಸಕ್ಕೆ ಹೋಗುವವರಿಗೆ ಕೂಲಿ ಬಟವಾಡೆಯ ಕಾಗದವೇ ಇರುವುದಿಲ್ಲ. ಇಂಥವರಿಗಾಗಿ ಕರ್ನಾಟಕದ ನ್ಯಾಯಾಲಯಗಳು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಲೋಕ ಅದಾಲತ್‌ಗೆಂದು ಸಿದ್ಧಪಡಿಸಿದ ಅಂದಾಜು ಆದಾಯದ ಪಟ್ಟಿಯನ್ನು ಬಳಸುತ್ತವೆ. ಅಪಘಾತವಾದ ವರ್ಷವನ್ನು ನೋಡಿ ಅಂಕಿ ತೆಗೆದುಕೊಳ್ಳುವುದು ರೂಢಿ. 2018ರ ಅಪಘಾತಗಳಿಗೆ ತಿಂಗಳಿಗೆ 12,500 ರೂಪಾಯಿ ಎಂದು ಹೈಕೋರ್ಟಿನ ಅನೇಕ ತೀರ್ಪುಗಳಲ್ಲಿದೆ. ಕರ್ನಾಟಕದ ಕೂಲಿ ಕಾರ್ಮಿಕರೊಬ್ಬರ 2004ರ ಅಪಘಾತದ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯ ತಿಂಗಳಿಗೆ 3,000 ರೂಪಾಯಿ ಎಂದು ಹಿಡಿದಿತ್ತು. ಆ ಕಾರ್ಮಿಕ ಹೇಳಿದ 4,500 ರೂಪಾಯಿಯನ್ನೇ ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿತು. ಕೂಲಿಯವರ ಹೇಳಿಕೆ ಅತಿಶಯವಲ್ಲದಿದ್ದರೆ ಕಾಗದವಿಲ್ಲವೆಂಬ ಕಾರಣಕ್ಕೆ ತಳ್ಳಿಹಾಕಬಾರದು ಎಂಬುದು ಅದರ ಸಾರ. ಬಯಲುಸೀಮೆಯ ಅರ್ಜಿದಾರರಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ತೀರ್ಪುಗಳು ಕೆಲವೇ.

ಅಂಗವೈಕಲ್ಯದ ಶೇಕಡಾವಾರು ಎರಡನೆಯ ವಿವಾದ. ಇಲ್ಲಿ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿಯೇ ಇಡಬೇಕು: ಒಂದು ಅಂಗಕ್ಕೆ ಆದ ಊನ, ಇಡೀ ದೇಹಕ್ಕೆ ಆದ ಊನ, ದುಡಿಯುವ ಶಕ್ತಿಗೆ ಆದ ಊನ. ವೈದ್ಯರು ಸಾಕ್ಷಿ ನುಡಿಯುವುದು ಸಾಮಾನ್ಯವಾಗಿ ಮೊದಲನೆಯದನ್ನು. ಕರ್ನಾಟಕದ ನ್ಯಾಯಮಂಡಳಿಗಳು ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ರೂಢಿಯಿದೆ. ಆದರೆ ಪರಿಹಾರ ನಿಂತಿರುವುದು ಮೂರನೆಯ ಅಂಕಿಯ ಮೇಲೆ. ಎಡಗೈ ಕಳೆದುಕೊಂಡ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು, ಅದೇ ಕೈ ಕಳೆದುಕೊಂಡ ಬಡಗಿ ಅಥವಾ ಚಾಲಕನ ಕಸುಬೇ ಮುಗಿಯುತ್ತದೆ ಎಂದು ರಾಜ್ ಕುಮಾರ್ ತೀರ್ಪು ವಿವರಿಸುತ್ತದೆ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರು ಕಾಲು ಕಳೆದುಕೊಂಡಿದ್ದ 2008ರ ಅಪಘಾತದಲ್ಲಿ ಸುಪ್ರೀಂ ಕೋರ್ಟ್ ದುಡಿಮೆಯ ನಷ್ಟವನ್ನು ಶೇ 85 ಎಂದು ಪರಿಗಣಿಸಿತು.

ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ 34 ವರ್ಷದ ಕೂಲಿ ಕಾರ್ಮಿಕನಿಗೆ 2018ರಲ್ಲಿ ಕಾರು ಗುದ್ದಿ ಮೊಣಕಾಲ ಕೆಳಗಿನ ಮೂಳೆ ಮುರಿದು ರಾಡು ಹಾಕಿದ್ದಾರೆ ಎಂದುಕೊಳ್ಳೋಣ. ಕಾಲಿನ ಊನ ಶೇ 45 ಎಂದು ವೈದ್ಯರು ಹೇಳುತ್ತಾರೆ. ತಿಂಗಳಿಗೆ 12,500ರಂತೆ ವರ್ಷಕ್ಕೆ 1,50,000. ಗುಣಕ 16. ಇಡೀ ದೇಹಕ್ಕೆ ಶೇ 15 ಎಂದು ಹಿಡಿದರೆ ಭವಿಷ್ಯದ ನಷ್ಟ 3,60,000 ರೂಪಾಯಿ. ಆತ ಮೂಟೆ ಹೊರಲಾರ, ಕುಕ್ಕರಗಾಲಲ್ಲಿ ಕೂರಲಾರ, ಏಣಿ ಹತ್ತಲಾರ ಎಂಬುದು ಸಾಕ್ಷ್ಯದಲ್ಲಿ ಸರಿಯಾಗಿ ಬಂದು, ದುಡಿಮೆಯ ನಷ್ಟ ಶೇ 30 ಎಂದು ನ್ಯಾಯಮಂಡಳಿ ಒಪ್ಪಿದರೆ ಅದೇ ಗಾಯಕ್ಕೆ 7,20,000 ರೂಪಾಯಿ. ಎಕ್ಸ್‌ರೇ ಒಂದೇ, ಮೂಳೆಯೂ ಅದೇ. ಗಾಯಾಳು ತನ್ನ ದಿನದ ಕೆಲಸವನ್ನು ಎಷ್ಟು ವಿವರವಾಗಿ ಹೇಳಿದ ಎಂಬುದರಿಂದಲೇ ಇಷ್ಟು ವ್ಯತ್ಯಾಸ. ಇದರ ಮೇಲೆ ನಾಲ್ಕು ತಿಂಗಳ ಕೂಲಿ ಹೋಗಿದ್ದರೆ 50,000, ಆಸ್ಪತ್ರೆಯ ಖರ್ಚು, ನೋವು, ಸೌಕರ್ಯಗಳ ನಷ್ಟ, ರಾಡು ತೆಗೆಸುವ ಮುಂದಿನ ಶಸ್ತ್ರಚಿಕಿತ್ಸೆಯ ವೆಚ್ಚ ಪ್ರತ್ಯೇಕವಾಗಿ ಸೇರುತ್ತವೆ.

ಆದಾಯ ಮುಂದೆ ಹೆಚ್ಚುತ್ತಿತ್ತು ಎಂಬ ನಿರೀಕ್ಷೆಗೂ ಬೆಲೆಯಿದೆ. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಶೇ 40, 40ರಿಂದ 50ರವರೆಗೆ ಶೇ 25, 50ರಿಂದ 60ರವರೆಗೆ ಶೇ 10 ಸೇರಿಸಬೇಕು. ಅದು ಸಾವಿನ ಪ್ರಕರಣದಲ್ಲಿ ಬಂದ ತೀರ್ಪು. ಶಾಶ್ವತ ಅಂಗವೈಕಲ್ಯಕ್ಕೂ ಇದು ಸಲ್ಲುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಿದ್ದರೂ ಸಣ್ಣಪುಟ್ಟ ಊನದ ಪ್ರಕರಣಗಳಲ್ಲಿ ಇದು ಎಲ್ಲೆಡೆ ಒಂದೇ ರೀತಿ ಸಿಗುತ್ತಿಲ್ಲ.

ಮಕ್ಕಳಿಗೆ ಆದಾಯವೇ ಇಲ್ಲದ ಕಾರಣ ಲೆಕ್ಕ ಬೇರೆ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಮಲ್ಲಿಕಾರ್ಜುನ ಪ್ರಕರಣದಲ್ಲಿ ಊನದ ಪ್ರಮಾಣಕ್ಕೆ ತಕ್ಕಂತೆ 1 ಲಕ್ಷದಿಂದ 6 ಲಕ್ಷದವರೆಗೆ ನಿಗದಿತ ಮೊತ್ತಗಳು ನಿಶ್ಚಯವಾದವು. 2020ರ ಕಾಜಲ್ ತೀರ್ಪು ಇನ್ನೂ ಮುಂದೆ ಹೋಯಿತು. ತೀವ್ರವಾಗಿ ಗಾಯಗೊಂಡ ಬಾಲಕಿಗೆ ನುರಿತ ಕಾರ್ಮಿಕರ ಕನಿಷ್ಠ ವೇತನವನ್ನೇ ಆದಾಯವೆಂದು ಹಿಡಿದು, ಜೀವನಪೂರ್ತಿ ನೋಡಿಕೊಳ್ಳುವವರ ವೆಚ್ಚವನ್ನೂ ಗುಣಕದಿಂದ ಲೆಕ್ಕಹಾಕಿತು. ಮನೆಗೆಲಸವನ್ನು ಮಾತ್ರ ನೋಡಿಕೊಳ್ಳುವ ಗೃಹಿಣಿಗೂ ಅಂದಾಜು ಆದಾಯ ಇಡಬೇಕು ಎಂದು 2021ರಲ್ಲಿ ಕೀರ್ತಿ ಪ್ರಕರಣ ಹೇಳಿತು.

ಗಾಯಾಳುವಿನ ಪಾಲಿನ ತಪ್ಪು

ಅಪಘಾತಕ್ಕೆ ಗಾಯಾಳುವೂ ಕಾರಣನಾಗಿದ್ದರೆ ಅಷ್ಟರ ಮಟ್ಟಿಗೆ ಪರಿಹಾರ ಕಡಿತವಾಗುತ್ತದೆ. ಆದರೆ ನಿಯಮ ಮುರಿದದ್ದೂ ಅಪಘಾತಕ್ಕೆ ಕಾರಣವಾದದ್ದೂ ಒಂದೇ ಅಲ್ಲ. ಚಾಲನಾ ಪರವಾನಗಿ ಇಲ್ಲದಿದ್ದುದು ತಾನೇ ತಾನಾಗಿ ಗಾಯಾಳುವಿನ ತಪ್ಪಾಗದು ಎಂದು 2008ರಲ್ಲೂ, ಬೈಕಿನಲ್ಲಿ ಮೂವರು ಕೂತಿದ್ದರೆಂಬ ಒಂದೇ ಕಾರಣಕ್ಕೆ ಕಡಿತ ಮಾಡಬಾರದು ಎಂದು 2020ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ.

ಹಣ ಕೊಡುವ ಹೊಣೆ

ತಪ್ಪು ಚಾಲಕನದಾದರೂ ಹೊಣೆ ಮಾಲೀಕನದು. ವಾಹನಕ್ಕೆ ವಿಮೆ ಇದ್ದರೆ ಹಣ ಕಟ್ಟುವುದು ಕಂಪನಿ. ಪಾಲಿಸಿಯ ಬಗೆ ಇಲ್ಲಿ ಮುಖ್ಯವಾಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಬೈಕಿನ ಹಿಂಬದಿ ಸವಾರನಿಗೆ ಆ ಬೈಕಿನ ವಿಮೆಯಿಂದ ಹಣ ಬರುವುದಿಲ್ಲ. ಪ್ಯಾಕೇಜ್ ಪಾಲಿಸಿ ಇದ್ದರೆ ಬರುತ್ತದೆ. ಬೈಕ್ ಓಡಿಸುತ್ತಿದ್ದ ಮಾಲೀಕನೇ ತನ್ನ ತಪ್ಪಿನಿಂದ ಬಿದ್ದರೆ ಅವನಿಗೆ ಪರಿಹಾರದ ಅರ್ಜಿಯಿಲ್ಲ. 2018ರಿಂದ ಕಡ್ಡಾಯವಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಅದರ ಷರತ್ತಿಗೆ ಒಳಪಟ್ಟು ಸಿಗುವುದಷ್ಟೇ.

ಸರಕು ಸಾಗಿಸುವ ವಾಹನದಲ್ಲಿ ಜನ ಪ್ರಯಾಣಿಸುವುದು ಈ ಭಾಗದ ದೊಡ್ಡ ಸಮಸ್ಯೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗುತ್ತಿದ್ದರೆ ವಿಮೆ ಅನ್ವಯಿಸುತ್ತದೆ. ಮದುವೆಗೋ ಜಾತ್ರೆಗೋ ಟೆಂಪೊ ಹತ್ತಿ ಹೊರಟವರಿಗೆ ಅನ್ವಯಿಸುವುದಿಲ್ಲ ಎಂಬುದು ಆಶಾ ರಾಣಿ ತೀರ್ಪಿನಿಂದ ನಿಂತ ನಿಯಮ. ಆಗ ಹೊಣೆ ಮಾಲೀಕನ ಮೇಲೆ ಮಾತ್ರ ಉಳಿಯುತ್ತದೆ. ಒಂದು ಟೆಂಪೊ ಬಿಟ್ಟರೆ ಬೇರೇನೂ ಇಲ್ಲದ ಮಾಲೀಕನಿಂದ ವಸೂಲಿ ಮಾಡುವುದು ಎಷ್ಟು ಕಷ್ಟ ಎಂಬುದು ಇಂಥ ಊರುಗಳಲ್ಲಿ ಎಲ್ಲರಿಗೂ ಗೊತ್ತು.

ಬಸ್ಸಿನಲ್ಲಿ ಮಿತಿಮೀರಿ ಜನ ತುಂಬಿದ್ದರೆ ನಿಯಮ ಇನ್ನೊಂದು ಬಗೆಯದು. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ ಕಿಕ್ಕಿರಿದಿದ್ದ ಖಾಸಗಿ ಬಸ್ ಮಗುಚಿ ವಿದ್ಯಾರ್ಥಿಗಳೂ ಸೇರಿ ಹಲವರು ಸತ್ತರು, ಅನೇಕರು ಗಾಯಗೊಂಡರು. ಇಂಥ ಅಪಘಾತಗಳಿಗೆ ಅನ್ವಯಿಸುವ 2007ರ ಅಂಜನಾ ಶ್ಯಾಮ್ ತೀರ್ಪಿನಂತೆ, ಪರವಾನಗಿಯಲ್ಲಿರುವಷ್ಟು ಪ್ರಯಾಣಿಕರಿಗೆ ಮಾತ್ರ ವಿಮಾ ಕಂಪನಿ ಹೊಣೆ. ಅತಿ ಹೆಚ್ಚು ಮೊತ್ತದ ಅಷ್ಟು ಪರಿಹಾರಗಳನ್ನು ಕೂಡಿಸಿ ಕಂಪನಿ ಠೇವಣಿ ಇಡಬೇಕು. ಆ ಹಣವನ್ನು ಎಲ್ಲ ಅರ್ಜಿದಾರರಿಗೂ ಪ್ರಮಾಣಾನುಸಾರ ಹಂಚಿ, ಉಳಿದದ್ದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು.

ಪಾಲಿಸಿಯ ಷರತ್ತನ್ನು ಮಾಲೀಕ ಮುರಿದಿದ್ದರೆ, ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವ ಪದ್ಧತಿಯನ್ನು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರ ಯಲ್ಲವ್ವ ಪ್ರಕರಣದಲ್ಲಿ ಎತ್ತಿಹಿಡಿಯಿತು.

ತಪ್ಪು ನೋಡದ ಪರಿಹಾರ

164ನೇ ಕಲಮಿನಡಿ ಯಾರ ತಪ್ಪೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಮೂಳೆ ಮುರಿತ ತೀವ್ರ ಗಾಯದ ವ್ಯಾಖ್ಯೆಯಲ್ಲಿ ಬರುತ್ತದೆ. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೂ ಮೊದಲು ಇವು 25,000 ಮತ್ತು 12,500 ಇದ್ದವು. ಈ ಅರ್ಜಿ ಹೋಗುವುದು ನ್ಯಾಯಾಲಯಕ್ಕಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ವಿಚಾರಣಾಧಿಕಾರಿಗೆ.

ಕೆಲಸದ ವೇಳೆ ಗಾಯಗೊಂಡ ಲಾರಿ ಚಾಲಕ, ಕ್ಲೀನರ್, ಹಮಾಲಿಗಳಿಗೆ ಕಾರ್ಮಿಕರ ಪರಿಹಾರದ ದಾರಿಯೂ ಇದೆ. ಅಲ್ಲಿ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ವೇತನದ ಶೇ 60ನ್ನು ವಯಸ್ಸಿನ ಅಂಕಿಯಿಂದ ಗುಣಿಸುತ್ತಾರೆ. 35 ವರ್ಷಕ್ಕೆ ಆ ಅಂಕಿ 197.06. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು. 1923ರ ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮೋಟಾರು ವಾಹನ ಕಾಯ್ದೆ, ಕಾರ್ಮಿಕರ ಪರಿಹಾರ ಈ ಎರಡು ದಾರಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು.

ರಾಜಿ

ಗಾಯದ ಪ್ರಕರಣಗಳು ರಾಜಿಯಾಗುವ ಬಗೆ ಮೂರು. ಮೊದಲನೆಯದು ಊರಿನ ಹಿರಿಯರ ಮುಂದೆ, ಛಾಪಾ ಕಾಗದದ ಮೇಲೆ ಆಗುವುದು. ಆಸ್ಪತ್ರೆ ಖರ್ಚಿಗೆಂದು ಅಷ್ಟಿಷ್ಟು ಕೊಟ್ಟು ‘ಮುಂದೆ ಯಾವ ತಕರಾರೂ ಇಲ್ಲ’ ಎಂದು ಬರೆಸಿಕೊಳ್ಳುತ್ತಾರೆ, ದೂರೂ ದಾಖಲಾಗುವುದಿಲ್ಲ. ಮೂಳೆ ಕೂಡಲಿಲ್ಲ, ಮತ್ತೆ ಆಪರೇಷನ್ ಬೇಕು ಎಂದು ತಿಳಿಯುವ ಹೊತ್ತಿಗೆ ಮಹಜರು, ವಾಹನದ ತಪಾಸಣೆ, ಸಾಕ್ಷಿ ಯಾವುದೂ ಉಳಿದಿರುವುದಿಲ್ಲ. ಗಾಯಾಳುವಿಗೆ ಅತಿ ಹೆಚ್ಚು ನಷ್ಟ ಮಾಡುವುದು ಈ ಬಗೆಯ ರಾಜಿ.

ಎರಡನೆಯದು ವಿಮಾ ಕಂಪನಿಯ ನೇರ ಪ್ರಸ್ತಾಪ. ಮೋಟಾರು ವಾಹನ ಕಾಯ್ದೆಯ 149ನೇ ಕಲಮಿನಂತೆ ಅಪಘಾತದ ಮಾಹಿತಿ ಬಂದ ಮೇಲೆ ಕಂಪನಿಯ ಅಧಿಕಾರಿ 30 ದಿನದೊಳಗೆ ಇಂತಿಷ್ಟು ಕೊಡುತ್ತೇವೆ ಎಂದು ನ್ಯಾಯಮಂಡಳಿಯ ಮುಂದೆ ತಿಳಿಸಬೇಕು. ಒಪ್ಪಿದರೆ ಮತ್ತೆ 30 ದಿನದೊಳಗೆ ಹಣ ಕೊಡಬೇಕು. 149ರ ಈ ಕ್ರಮದಲ್ಲಿ 164ರ ನಿಗದಿತ ಮೊತ್ತವನ್ನು ಒಪ್ಪಿಕೊಂಡವರ 166ರ ಅರ್ಜಿ ಅಲ್ಲಿಗೆ ರದ್ದಾಗುತ್ತದೆ. ಮೇಲಿನ ಉದಾಹರಣೆಯ ಕಾರ್ಮಿಕನ ಸ್ಥಿತಿಯಲ್ಲಿರುವವರು ಇಂದು ತೀವ್ರ ಗಾಯದ 2.5 ಲಕ್ಷವನ್ನು ಅವಸರದಲ್ಲಿ ಒಪ್ಪಿಕೊಂಡರೆ ಬಿಟ್ಟುಕೊಡುವುದು ಎಷ್ಟೆಂಬುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ.

ಮೂರನೆಯದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿಯ ಲೋಕ ಅದಾಲತ್. ಅಲ್ಲಿ ಆಗುವ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ವರ್ಷಗಟ್ಟಲೆ ಕಾಯುವುದು ತಪ್ಪುತ್ತದೆ ಎಂಬುದು ಇದರ ಲಾಭ. ಆ ಲಾಭಕ್ಕೆ ಮೊತ್ತದಲ್ಲಿ ಎಷ್ಟು ಬಿಡಬೇಕು ಎಂಬುದನ್ನು ಗಾಯಾಳುವೇ ತೀರ್ಮಾನಿಸಬೇಕಾಗುತ್ತದೆ. ಚಿಕಿತ್ಸೆ ಮುಗಿದು ಊನದ ಪ್ರಮಾಣ ಸ್ಥಿರವಾಗುವ ಮುಂಚೆ ಆ ತೀರ್ಮಾನಕ್ಕೆ ಆಧಾರವಿರುವುದಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಪಡೆಯಬಹುದು.

ಬಡ್ಡಿ, ಮೇಲ್ಮನವಿ, ವಸೂಲಿ

ಅರ್ಜಿ ಹಾಕಿದ ದಿನದಿಂದ ಬಡ್ಡಿ ಸಲ್ಲುತ್ತದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಶೇ 6ರಿಂದ 9. ತೀರ್ಪಿನ ಮೇಲೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಹಣ ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ರಸ್ತೆ ಸಾರಿಗೆ ನಿಗಮದ ಬಸ್ಸುಗಳಿಗೆ ಖಾಸಗಿ ವಿಮೆಯಿರುವುದಿಲ್ಲ, ನಿಗಮವೇ ಕೊಡಬೇಕು. ಬಾಕಿ ಉಳಿದಾಗ ನ್ಯಾಯಾಲಯದ ಅಮೀನರು ಬಸ್ ನಿಲ್ದಾಣದಲ್ಲೇ ಬಸ್ ಜಪ್ತಿ ಮಾಡಿದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬಂದಿದೆ.

ಇಂದಿನ ಸ್ಥಿತಿ

2022ರ ಮೋಟಾರು ವಾಹನ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 50 ದಿನದೊಳಗೆ ಮಧ್ಯಂತರ ವರದಿಯನ್ನೂ, 90 ದಿನದೊಳಗೆ ವಿವರ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಇವುಗಳ ಪಾಲನೆಗೆ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. 2025ರ ಮೇ 5ರಂದು ಪ್ರಕಟವಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮೀರದಂತೆ ಚಿಕಿತ್ಸೆ ಸಿಗುತ್ತದೆ. ಪರಿಹಾರದ ಹಣವನ್ನು ನ್ಯಾಯಮಂಡಳಿಯಲ್ಲಿ ಠೇವಣಿಯಾಗಿ ಉಳಿಸದೆ ಅರ್ಜಿದಾರರ ಬ್ಯಾಂಕ್ ಖಾತೆಗೇ ವರ್ಗಾಯಿಸಬೇಕೆಂದು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. ಓದುಬರಹ ಬಾರದವರ ಮತ್ತು ಮಕ್ಕಳ ಪಾಲಿನ ಒಂದು ಭಾಗವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುವ, ಹಿಂದಿನಿಂದ ಬಂದ ರೂಢಿ ಮುಂದುವರಿದಿದೆ.

ಆರು ತಿಂಗಳ ಕಾಲಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ಆ ವಿಚಾರಣೆ ಮುಗಿಯುವವರೆಗೆ ತಡವಾಯಿತೆಂಬ ಕಾರಣಕ್ಕೆ ಯಾವ ಅರ್ಜಿಯನ್ನೂ ವಜಾ ಮಾಡಬಾರದು ಎಂದು 2025ರ ನವೆಂಬರಿನಲ್ಲಿ ನ್ಯಾಯಾಲಯ ಮಧ್ಯಂತರ ಆದೇಶ ನೀಡಿದೆ.